ವಿಠ್ಠಲನಿಗೂ ಪಥ್ಯ

ನಮ್ಮ ಸೋದರತ್ತೆ ಸುಳ್ಳು ಹೇಳುವವರಲ್ಲ. ತೊಂದರೆ ಇರುವುದೇ ಅಲ್ಲಿ! ಸುಳ್ಳು ಹೇಳುವವರನ್ನು ಹಿಡಿಯಬಹುದು. ಸತ್ಯವಂತರನ್ನು ಹಿಡಿಯುವುದು ಹೇಗೆ?

ಪುಣೆಯ ಸದಾಶಿವ ಪೇಠದ ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಜೊತೆಗಿರುವವರು ಇಬ್ಬರು: ದೇವರ ಗೂಡಿನಲ್ಲಿ ಕಲ್ಲಿನ ವಿಠ್ಠಲ, ಹೊಸ್ತಿಲಲ್ಲಿ ಗುಂಡ್ಯಾ ಎಂಬ ಬೀದಿನಾಯಿ. ಅವನನ್ನು ಬೀದಿನಾಯಿ ಎಂದು ಕರೆದರೆ ಅತ್ತೆಗೆ ಸಿಟ್ಟು.

"ಬೀದ್ಯಾಗ ಸಿಕ್ಕಾನ, ಅಷ್ಟ. ನೀ ದವಾಖಾನ್ಯಾಗ ಹುಟ್ಟಿ, ನಿನಗ ದವಾಖಾನಿ ಮನಷ್ಯಾ ಅಂತಾರೇನು?"

ಈ ಗುಂಡ್ಯಾನಿಗೆ ತುರಿಕೆ ಹತ್ತಿತು. ಕೆರೆದು ಕೆರೆದು ಕಿವಿಯಲ್ಲಿ ಕೀವು. ಆಹಾರದ ಅಲರ್ಜಿ, ಬಹುಶಃ ಹಾಲಿನದು ಎಂದ ಪಶುವೈದ್ಯರು ಎಂಟು ವಾರದ ಪಥ್ಯ ಬರೆದುಕೊಟ್ಟರು: ಚೀಲದಲ್ಲಿ ಬರುವ ವಿಶೇಷ ಕಾಳು, ಬೇಯಿಸಿದ ಗೆಣಸು. ಬೇರೆ ಒಂದು ತುತ್ತೂ ಕೂಡದು. ಅತ್ತೆ ಬಾಗಿಲಿಗೆ ಮರಾಠಿ ಫಲಕವನ್ನೇ ಹಾಕಿಸಿದರು: "ನಾಯಿಗೆ ಏನೂ ಹಾಕಬೇಡಿ. ತಡೆಯಲಾಗದಿದ್ದರೆ ನೀವೇ ತಿನ್ನಿ."

ಮೂರು ವಾರವಾದರೂ ಕಿವಿ ಒಣಗಲಿಲ್ಲ. ಹೀಗೇ ಬಿಟ್ಟರೆ ಕಿವುಡಾದೀತು ಎಂದ ಡಾಕ್ಟರು, ಬೇರೇನಾದರೂ ತಿನ್ನಿಸಿದಿರಾ ಎಂದು ಕೇಳಿದರು.

"ಕಾಹೀ ನಾಹೀ!" ಏನೇನೂ ಇಲ್ಲ ಎಂದು ಅತ್ತೆ ವಿಠ್ಠಲನ ಆಣೆಯಿಟ್ಟರು. ಡಾಕ್ಟರು ನೆರೆಯವರನ್ನು ಶಂಕಿಸಿದರು. ನಾನು ಮೂಲೆಯ ರಿಕ್ಷಾದವರನ್ನು.

ಮರುದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಪೂಜೆಯ ಗಂಟೆ ಬಾರಿಸಿದರೂ ಗುಂಡ್ಯಾ ಏಳಲಿಲ್ಲ. ಅತ್ತೆ ಬೆನ್ನು ಸವರಿ ಎಬ್ಬಿಸಿ, ದೇವರ ಮುಂದೆ ಕೂರಿಸಿ, ನಾಲಿಗೆಗೆ ಎರಡು ಉದ್ಧರಣೆ ಪಂಚಾಮೃತ ಬಿಟ್ಟರು!

"ಅತ್ತೀ, ಹಾಲು, ಮೊಸರು, ತುಪ್ಪ ಎಲ್ಲಾ ಅದರಾಗ ಅದಲ್ರಿ! ಏನೂ ಕೊಟ್ಟಿಲ್ಲ ಅಂತ ಆಣಿ ಮಾಡಿದ್ರಿ?"

"ಡಾಕ್ಟರು ಊಟದ್ದು ಕೇಳಿದ್ರು. ಪ್ರಸಾದ ಊಟ ಏನೋ, ಖೋಡಿ?"

"ಹಂಗಾದ್ರ ಪ್ರಸಾದಾನೂ ಬಂದ್ ಮಾಡ್ರಿ."

"ದೇವರ ಮುಂದ ಕೂತಂವಗ ಇಲ್ಲ ಅನ್ನೂದು ಹೆಂಗ?"

ಆಮೇಲೆ ಗಂಟೆ ಕೇಳಿಸದ ಆ ಕಿವಿಯ ಕೀವು ಒರೆಸತೊಡಗಿದರು.

ಎಂಟು ವಾರದ ಎಣಿಕೆ ಮತ್ತೆ ಮೊದಲಿನಿಂದ. ಈ ಸಲ ಪಂಚಾಮೃತ ನಿಂತಿತು. ಬೆಳ್ಳಿ ತಟ್ಟೆಯಲ್ಲಿ ಉಪ್ಪಿಲ್ಲದ ಗೆಣಸಿನ ನೈವೇದ್ಯ, ಗುಂಡ್ಯಾನಿಗೆ ಅದೇ ಪ್ರಸಾದ. ವಿಠ್ಠಲನಿಗೆ ದಿನವೂ ಏಕಾದಶಿ!

"ದೇವರಿಗ್ಯಾಕ್ರಿ ಈ ಶಿಕ್ಷಾ?"

"ಅಂವಾ ಕಲ್ಲಿನಂವ, ತಡಕೋತಾನ. ಇದು ಜೀವ."

ಪಥ್ಯ ಮುಗಿಯುವ ವಾರ ಮತ್ತೆ ಹೋಗಿದ್ದೆ. ಗುಂಡ್ಯಾ ಹೊಸ್ತಿಲಲ್ಲಿ ಬೀದಿಗೆ ಮುಖ ಮಾಡಿ ಮಲಗಿದ್ದ. ಅತ್ತೆ ಗಂಟೆಯನ್ನು ಮೆಲ್ಲಗೆ, ತೀರ ಮೆಲ್ಲಗೆ ಅಲುಗಾಡಿಸಿದರು. ಎರಡೂ ಕಿವಿ ನೆಟ್ಟಗಾದವು.

"ಕೇಳಸ್ತೇನೋ, ನನ್ನಪ್ಪಾ?"

ಪೂಜೆ ಮುಗಿದಿತ್ತು. ಅತ್ತೆ ಮಾತ್ರ ಇನ್ನೊಮ್ಮೆ ಗಂಟೆ ಬಾರಿಸಿದರು. ಮತ್ತೊಮ್ಮೆ.