ನಮ್ಮ ವೈನಿಯ ಪಾಟಿ

ನಮ್ಮ ವೈನಿಗೆ ತಲೆ ಕೆಟ್ಟಿದೆ ಎಂದು ಹೊರಗಿನವರು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಆ ಮಾತು ಹೇಳುವ ಹಕ್ಕು ಮನೆಯವರಾದ ನಮಗೆ ಮಾತ್ರ! ಅದನ್ನು ನಾವು ಧಾರಾಳವಾಗಿ ಬಳಸುತ್ತಲೂ ಬಂದಿದ್ದೇವೆ.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ಹಾನಗಲ್ಲಿನ ಅವರ ಮನೆಗೆ ನೀವು ಹೋದರೆ ಮೊದಲು ಎದುರಾಗುವುದು ವೈನಿಯೂ ಅಲ್ಲ, ಅಣ್ಣನೂ ಅಲ್ಲ. ಒಂದು ಪಾಟಿ. ಮಕ್ಕಳು ಅಕ್ಷರ ತಿದ್ದುವ ಕಪ್ಪು ಪಾಟಿ, ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ. ಅದರ ಮೇಲೆ ಬಳಪದಲ್ಲಿ ಬರೆದಿರುತ್ತದೆ: ‘ನಳ = ಇವತ್ತು ಬರೂದಿಲ್ಲ. ಚಪ್ಪಲಿ = ಬಲಕ್ಕ ಬಿಡ್ರಿ. ನಾಯಿ = ಕಟ್ಟೇತಿ. ಮನಿಯವರು = ಸಿಟ್ಟಿನ್ಯಾಗ ಅದಾರ.’ ಈ ಕೊನೆಯ ಸಾಲನ್ನು ಓದಿ ಅಂಚೆಯವನು ಕಾಗದವನ್ನು ಕಟ್ಟೆಯ ಮೇಲಿಟ್ಟು ಸದ್ದಿಲ್ಲದೆ ಹೋದದ್ದೂ ಉಂಟು.

“ನನ್ನ ಸಿಟ್ಟು ಯಾವಾಗ್ಲೋ ಇಳದೈತಿ. ಅಳಸ ಅಂದ್ರ ಅಳಸೂದಿಲ್ಲ ನೋಡವಾ ಈಕಿ!” ಎಂದು ಅಣ್ಣ ನನ್ನ ಮುಂದೆ ದೂರು ಹೇಳಿದ.

“ಮುಂಜಾನೆ ಅಳಸಿದ್ನೆಲ್ರಿ. ನೀವು ಮತ್ತ ಸಿಟ್ಟಾದ್ರಿ, ನಾ ಮತ್ತ ಬರದೆ. ಪಾಟಿ ಸುಳ್ಳು ಹೇಳಬಾರ್ದು,” ಎಂದರು ವೈನಿ ಒಳಗಿನಿಂದ.

ಅಣ್ಣ ತಾನೇ ಅಳಿಸಬಹುದಿತ್ತಲ್ಲ ಎನ್ನುತ್ತೀರಾ? ಅಯ್ಯೋ ದೇವರೇ! ವೈನಿಯ ಪಾಟಿಯನ್ನು ಇನ್ನೊಬ್ಬರು ಮುಟ್ಟುವುದೇ? ಒಮ್ಮೆ ಅಣ್ಣ ತೋಳಿನಿಂದ ಒಂದು ಸಾಲು ಒರೆಸಿ ಒಂದು ವಾರ ತಣ್ಣನೆಯ ರೊಟ್ಟಿ ತಿಂದ.

ಈ ಪಾಟಿಯ ಹುಚ್ಚು ಎಲ್ಲಿಂದ ಬಂತು? ವೈನಿಯ ನೌಕರಿಯಿಂದ. ಅವರು ಕಾಲೇಜೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ಅಲ್ಲಿ ಒಂದು ಕೋಣೆಯ ತುಂಬ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಇಟ್ಟಿದ್ದಾರೆ. ಅದಕ್ಕೆ ಕ್ಲಸ್ಟರ್ ಎನ್ನುತ್ತಾರಂತೆ. ಯಾವ ಕೆಲಸ ಯಾವ ಕಂಪ್ಯೂಟರಿಗೆ ಎಂದು ಹಂಚುವುದಕ್ಕೆ ಶೆಡ್ಯೂಲರ್ ಎಂಬ ಸಾಫ್ಟ್‌ವೇರು ಇದೆ. ನನಗೆ ಕಂಪ್ಯೂಟರೆಂದರೆ ಕರೆಂಟು ಬಿಲ್ಲು ಕಟ್ಟುವ ಡಬ್ಬಿ. ಹಾಗಾಗಿ ವೈನಿ ನನಗೆ ನನ್ನ ಮಟ್ಟಕ್ಕಿಳಿದು ಹೇಳಿದರು.

“ಹೊಲಕ್ಕ ಆಳು ಹಚ್ಚೂ ಮುಕಾದಮ ಇರ್ತಾನಲ್ಲ ತಂಗಿ, ಶೆಡ್ಯೂಲರ್ ಅಂದ್ರ ಅಂವನ. ಆಳಿಗೆ ಕಳೆ ತಗಿಯೂದು ಗೊತ್ತಿರ್ತೈತಿ. ಆದ್ರ ಇವತ್ತು ಯಾರ ಹೊಲ, ಎಷ್ಟು ಸಾಲು, ಬುಟ್ಟಿ ಎಲ್ಲಿ ಇಡಬೇಕು, ಇದನ್ನ ಮುಕಾದಮ ಹೇಳಿ ಕಳಸ್ತಾನ. ಹಂಗ ಹೇಳಿ ಕಳಸೂ ಮಾತಿಗೆ ಎನ್ವಿರಾನ್ಮೆಂಟ್ ವೇರಿಯೇಬಲ್ ಅಂತಾರ. ಕೆಲಸ ಒಂದ, ಊರು ಬದಲಾದ್ರ ಮಾತು ಬದಲು.”

“ಅಷ್ಟಕ್ಕ ಅಷ್ಟುದ್ದ ಹೆಸರು ಯಾಕ್ರಿ ವೈನಿ?”

“ಪಗಾರ ಕೊಡಬೇಕಲ್ಲವಾ ನಮಗ!”

ಹೊಸದಾಗಿ ಸೇರಿದಾಗ ವೈನಿ ಒಂದು ಭಾನಗಡಿ ಮಾಡಿಕೊಂಡಿದ್ದರು. ಅದನ್ನು ಅವರೇ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾರೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಮಳೆಯ ಅಂದಾಜು ತೆಗೆಯುವ ಲೆಕ್ಕ ಅದು. ಲೆಕ್ಕ ಒಂದೇ, ತಾಲ್ಲೂಕಿನ ಹೆಸರು ಮಾತ್ರ ಹೊರಗಿನಿಂದ ಹೇಳಬೇಕು. ವೈನಿ ಮೊದಲು ಪರೀಕ್ಷೆ ಮಾಡಿ ನೋಡಲು ತಮ್ಮ ಕಂಪ್ಯೂಟರಿನಲ್ಲಿ ‘ತಾಲ್ಲೂಕು = ಹಾನಗಲ್’ ಎಂದು ಹಾಕಿದರು. ಆಮೇಲೆ ಅದನ್ನು ಅಳಿಸುವುದನ್ನೂ ಒಂದೊಂದಕ್ಕೂ ಅದರ ತಾಲ್ಲೂಕು ಹೇಳುವುದನ್ನೂ ಮರೆತು, ನಾಲ್ಕೂ ಕೆಲಸಗಳನ್ನು ಮುಕಾದಮನ ಕೈಗೆ ಕೊಟ್ಟರು. ಆ ಮುಕಾದಮ ಎಂಥ ನಿಷ್ಠಾವಂತ! ವೈನಿಯ ಹತ್ತಿರ ಬಿದ್ದಿದ್ದ ಆ ಹಳೆಯ ಮಾತನ್ನೇ ನಾಲ್ಕಕ್ಕೂ ಹೇಳಿ ಕಳಿಸಿದ. ನಾಲ್ಕು ಕಂಪ್ಯೂಟರುಗಳು ಬೆವರು ಸುರಿಸಿ ದುಡಿದು, ನಾಲ್ಕೂ ಹಾನಗಲ್ಲಿನ ಮಳೆಯನ್ನೇ ಹೊತ್ತು ತಂದವು.

ಸವಣೂರಿನಲ್ಲಿ ವೀಳ್ಯದೆಲೆ ಬೆಳೆಯುವ ನಮ್ಮಕ್ಕ ಇದನ್ನು ಕೇಳಿ, “ನಮ್ಮೂರಾಗ ಹಾನಗಲ್ ಮಳಿ ಬಂದಿದ್ರ ನಾವೂ ಭತ್ತಾನ ಹಚ್ತಿದ್ವಿ ಬಿಡ್ರಿ. ಎಲಿ ಬಳ್ಳಿಗೆ ನೀರು ಯಾಕ ಹೊರ್ತಿದ್ವಿ?” ಎಂದಳು.

ಆ ಎಡವಟ್ಟಿನ ದಿನ ಮನೆಗೆ ಬಂದವರೇ ವೈನಿ ಮೊದಲ ಪಾಟಿಯನ್ನು ಮೊಳೆಗೆ ತೂಗಿಹಾಕಿದರು. ಅಂದಿನಿಂದ ಒಂದೇ ಜಪ: “ಬದಲಾಗೂದನ್ನ ಕೆಲಸದ ಒಳಗ ಬರೀಬಾರ್ದು, ಹೊರಗ ಬರೀಬೇಕು. ಬರದಿದ್ದನ್ನ ಹೊತ್ತಿಗೆ ಸರಿಯಾಗಿ ಅಳಸಬೇಕು.” ನಾವು ನಕ್ಕೆವು. ನಗದೆ ಏನು ಮಾಡುವುದು? ಆದರೆ ಆ ಪಾಟಿ ಒಂದು ದಿನ ನಮ್ಮ ಅವ್ವನ ಕೊರಳಿಗೂ ಬಿತ್ತು.

ಅವ್ವನ ವಿಷಯ ಹೇಳಬೇಕು. ಅಪ್ಪ ಹೋಗಿ, ಅಬಲೂರಿನ ನಮ್ಮ ಮನೆ ಮಾರಿದ ಮೇಲೆ ಅವ್ವ ನಾಲ್ಕು ಮಕ್ಕಳ ಮನೆಗೂ ಪಾಳಿಯ ಮೇಲೆ ಬರುತ್ತಾಳೆ. ಹಾನಗಲ್ಲಿನ ಅಣ್ಣ, ಶಿಗ್ಗಾವಿಯ ನಾನು, ಸವಣೂರಿನ ಅಕ್ಕ, ಹಿರೇಕೆರೂರಿನ ತಮ್ಮ. “ನಾನು ಕೆಂಪು ಬಸ್ಸಿದ್ದಂಗ. ಎಲ್ಲಾ ಊರಿಗೂ ಹೊಕ್ಕೇನಿ, ಎಲ್ಲೂ ನಿಲ್ಲಂಗಿಲ್ಲ,” ಎನ್ನುತ್ತಿದ್ದಳು. ನಗಿಸುವಂತೆಯೇ ಹೇಳುತ್ತಿದ್ದಳು, ನಮಗೆ ಮಾತ್ರ ನಗು ಬರುತ್ತಿರಲಿಲ್ಲ. ಏಕೆಂದರೆ ಅವಳು ತನ್ನ ನೀಲಿ ಚೀಲವನ್ನು ಯಾವ ಮನೆಯಲ್ಲೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಅದು ಬಾಗಿಲ ಪಕ್ಕದಲ್ಲೇ ಇರುತ್ತಿತ್ತು. ಒಂದು ಸೀರೆ ತೆಗೆದರೆ ಮತ್ತೆ ಚೈನು ಎಳೆದು ಮುಚ್ಚುತ್ತಿದ್ದಳು.

ಮೇಲಾಗಿ ಏನನ್ನೂ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಫ್ಯಾನಿನ ಗುಂಡಿ ಯಾವುದೆಂದು ತಿಳಿಯದೆ ಮಧ್ಯಾಹ್ನವೆಲ್ಲ ಸೆರಗಿನಿಂದ ಗಾಳಿ ಹಾಕಿಕೊಂಡು ಕುಳಿತಿದ್ದಳು. ಅಕ್ಕನ ಮನೆಯಲ್ಲಿ ಸಕ್ಕರೆ ಡಬ್ಬಿ ಸಿಗದೆ ಸಪ್ಪೆ ಚಹಾ ಕುಡಿದಿದ್ದಳು. ನಾನು ಸಿಟ್ಟಿಗೆದ್ದೆ. “ಕೇಳಾಕ ಏನಾಗಿತ್ತವ್ವಾ? ನಾ ಏನು ಹೊರಗಿನಾಕಿ ಏನು?”

“ಒಂದು ಮನಿಗೆ ಯಜಮಾನಿ ಆಗಿದ್ದಾಕಿ ನಾ. ನನಗ ಎಲ್ಲಾರೂ ಕೇಳ್ತಿದ್ರು, ಅವ್ವಾ ಅದೆಲ್ಲೈತಿ, ಇದೆಲ್ಲೈತಿ ಅಂತ. ಈಗ ಸಕ್ಕರಿ ಎಲ್ಲೈತಿ ಅಂತ ನಾ ಕೇಳಿದ್ರ ಬೀಗರ ಮನಿಗೆ ಬಂದಂಗ ಆಕ್ಕೈತಿ, ಬಿಡು.”

ಇದನ್ನು ವೈನಿಗೆ ಫೋನಿನಲ್ಲಿ ಹೇಳಿದೆ. “ಅತ್ತಿ ಕೇಳಬಾರ್ದು. ಮನೀನ ಅವರಿಗೆ ಹೇಳಬೇಕು,” ಎಂದರು ಅವರು. ಪಾಟಿ ಬರುತ್ತದೆ ಎಂದು ನನಗೆ ಗೊತ್ತಾಗಿಹೋಯಿತು!

ಬಂತು. ಮೂರು ಮನೆಗಳಿಗೂ ಹೊಸ ಪಾಟಿ, ಬಳಪ, ಮೊಳೆ ಸಮೇತ. ವೈನಿಯ ಕಟ್ಟಪ್ಪಣೆ ಏನೆಂದರೆ, ಎಡಗಡೆಯ ಹೆಸರುಗಳು ನಾಲ್ಕೂ ಮನೆಗಳಲ್ಲಿ ಒಂದೇ ಇರಬೇಕು: ಸಕ್ಕರಿ, ಉಪ್ಪು, ಫ್ಯಾನು, ಬಿಸಿನೀರು, ದೇವರ ಎಣ್ಣಿ. ಬಲಗಡೆ ಆಯಾ ಮನೆಯವರು ತಮ್ಮ ತಮ್ಮ ಜಾಗ ನೋಡಿ ಬರೆಯಬೇಕು. ಹಾಗಿದ್ದರೆ ಅವ್ವ ಒಮ್ಮೆ ಕಲಿತರೆ ಸಾಕು, ಯಾವ ಊರಲ್ಲಿ ಎದ್ದರೂ ಪಾಟಿ ನೋಡಿದರೆ ಆಯಿತು.

“ಈ ವಯಸ್ಸಿನ್ಯಾಗ ನನಗ ಪಾಟಿ ಕೊಡ್ತಿಯೇನ?” ಎಂದು ನಾಲ್ಕನೆಯ ಇಯತ್ತೆ ಓದಿದ್ದ ಅವ್ವ ಮೂಗು ಮುರಿದಳು. ಆದರೆ ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ನಾನು ಏಳುವ ಮೊದಲೇ ಚಹಾ ಕುದಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಯಾರನ್ನೂ ಏನೂ ಕೇಳದೆ ಅವ್ವ ನನಗೇ ಚಹಾ ತಂದುಕೊಟ್ಟಳು. ನಾನು ಮನಸ್ಸಿನಲ್ಲೇ ವೈನಿಯ ಕಾಲಿಗೆ ಬಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಇನ್ನೊಂದು ಪಾಟಿ ಕಳಿಸಿಬಿಡುತ್ತಾರಲ್ಲ!

ಎಲ್ಲ ನೆಟ್ಟಗೆ ನಡೆಯುತ್ತಿತ್ತು. ಆದರೆ ಹಿರೇಕೆರೂರಿನಲ್ಲಿ ನಮ್ಮ ತಮ್ಮನಿದ್ದಾನಲ್ಲ! ಶಾಲೆಯಲ್ಲೂ ಪಕ್ಕದವನದನ್ನು ನೋಡಿ ಬರೆದು ಪಾಸಾದ ಪುಣ್ಯಾತ್ಮ. ತನ್ನ ಅಡುಗೆಮನೆಗೆ ಹೋಗಿ ನೋಡುವಷ್ಟು ಪುರಸತ್ತು ಅವನಿಗೆಲ್ಲಿ? ಹಾನಗಲ್ಲಿನ ಪಾಟಿಯ ಫೋಟೋ ತರಿಸಿಕೊಂಡು ಅಕ್ಷರ ಬಿಡದಂತೆ ಇಳಿಸಿಬಿಟ್ಟ. ಎಡಗಡೆಯೂ ಹಾನಗಲ್, ಬಲಗಡೆಯೂ ಹಾನಗಲ್! ‘ಸಕ್ಕರಿ = ಮ್ಯಾಲಿನ ಸಾಲು, ಎಡಗಡೆ ಡಬ್ಬಿ.’ ಹಾನಗಲ್ಲಿನಲ್ಲಿ ಅದು ಸಕ್ಕರೆಯೇ. ಹಿರೇಕೆರೂರಿನಲ್ಲಿ ಆ ಜಾಗದಲ್ಲಿದ್ದದ್ದು ಪುಡಿ ಉಪ್ಪು.

ಅವ್ವ ಅಲ್ಲಿಗೆ ಹೋದ ಮರುದಿನವೇ ತಮ್ಮನ ಮಾವ, ಅತ್ತೆ ಬಂದರು. ತಮ್ಮನ ಹೆಂಡತಿ ಪೇಟೆಗೆ ಹೋಗಿದ್ದಳು. ಅವ್ವ ಉತ್ಸಾಹದಿಂದ ಸೊಂಟಕ್ಕೆ ಸೆರಗು ಸಿಕ್ಕಿಸಿ, ಪಾಟಿ ಓದಿ, ಚಹಾ ಮಾಡಿದಳು. ಬೀಗರು ದೊಡ್ಡ ಮನುಷ್ಯರು. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, “ಭಾಳ ಛಲೋ ಆಗೇತ್ರಿ,” ಎಂದರಂತೆ. ಬೀಗತಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? “ಇದು ನಿಮ್ಮ ಕಡೀ ಪದ್ಧತಿ ಏನ್ರಿ?” ಎಂದು ಕೇಳಿಬಿಟ್ಟರು.

ಅವ್ವ ತಾನೂ ಒಂದು ಗುಟುಕು ಕುಡಿದು ನೋಡಿದಳು. ಬೀಗರು ಹೋದ ಮೇಲೆ ಪಾಟಿಯನ್ನು ಮೊಳೆಯಿಂದ ಇಳಿಸಿ ಗೋಡೆಗೆ ಬೆನ್ನು ಮಾಡಿಟ್ಟಳು. ನೀಲಿ ಚೀಲದ ಚೈನು ಎಳೆದು ತಮ್ಮನಿಗೆ ಹೇಳಿದಳು: “ನನ್ನ ಅಬಲೂರಿಗೆ ಕಳಸು. ಒಂದು ಕೋಣಿ ಬಾಡಿಗಿ ಹಿಡೀತೇನಿ. ಅಲ್ಲೆ ಸಕ್ಕರಿ ನಾ ಇಟ್ಟಲ್ಲೇ ಇರ್ತೈತಿ.”

ಈ ಸಲ ಅವ್ವ ಹೋದರೆ ಹೋದಳೇ. ಅವಳ ಹಟ ನಮಗೆ ಗೊತ್ತು. ತಮ್ಮ ಅಳುವ ದನಿಯಲ್ಲಿ ಎಲ್ಲರಿಗೂ ಫೋನು ಮಾಡಿದ. ನಾನು, ಅಕ್ಕ, ಅಣ್ಣ, ವೈನಿ, ಸಿಕ್ಕ ಸಿಕ್ಕ ಬಸ್ಸು ಹತ್ತಿ ಹಿರೇಕೆರೂರು ಮುಟ್ಟಿದೆವು. ಅಣ್ಣ ದಾರಿಯುದ್ದಕ್ಕೂ, “ನಿನ್ನ ಪಾಟಿ ಹಾಳಾಗ್ಲಿ!” ಎಂದು ವೈನಿಯನ್ನು ಬೈದನಂತೆ.

ಮನೆಗೆ ಹೋದವರೇ ವೈನಿ ಪಾಟಿಯನ್ನು ತಿರುಗಿಸಿ ಓದಿದರು. ಓದಿ ನಗತೊಡಗಿದರು! ನನಗೆ ಮೈ ಉರಿಯಿತು. ಇದು ನಗುವ ಹೊತ್ತೇ?

“ಅತ್ತೀ, ನಿಮ್ಮದು ಒಂಚೂರೂ ತಪ್ಪಿಲ್ರಿ. ಕೆಲಸ ಸರಿ ಐತಿ, ಪಾಟಿ ತಪ್ಪೈತಿ. ನಾನೂ ಹಿಂಗ ಹಾನಗಲ್ ಅಂತ ಬರದು ಅಳಸದ ಬಿಟ್ಟು ನಾಕೂ ತಾಲೂಕಿಗೆ ಒಂದ ಮಳಿ ಸುರಿಸಿದ್ದೆ. ನಿಮ್ಮ ಮಗ ಒಂದ ಉಪ್ಪು ಸುರಿಸ್ಯಾನ, ಅಷ್ಟ!” ಎಂದು ಹೇಳಿ ತಮ್ಮನನ್ನು ಅಡುಗೆಮನೆಗೆ ಎಳೆದೊಯ್ದರು. ಒಂದೊಂದು ಡಬ್ಬಿಯನ್ನೂ ಮುಟ್ಟಿ ತೋರಿಸಿ, ಬಲಗಡೆಯನ್ನೆಲ್ಲ ಅಳಿಸಿ ಅವನಿಂದಲೇ ಬರೆಸಿದರು. ಪಾಟಿಯನ್ನು ತಂದು ಅವ್ವನ ತೊಡೆಯ ಮೇಲಿಟ್ಟರು.

ಅವ್ವ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. “ಎಲ್ಲಾ ಬರದಿ ತಂಗಿ. ಸಕ್ಕರಿ ಐತಿ, ಉಪ್ಪು ಐತಿ, ಫ್ಯಾನು ಐತಿ. ಮನಿ ಯಾರ್ದು ಅನ್ನೂದು ಒಂದ ಬರದಿಲ್ಲ.”

ತಮ್ಮ ನೆಲ ನೋಡಿದ. ನಾನೂ ನೋಡಿದೆ.

ವೈನಿ ಕೈಗೆ ಮೆತ್ತಿದ ಬಳಪದ ಪುಡಿಯನ್ನು ಝಾಡಿಸುತ್ತ, ದಿನದ ಮಾತಿನಂತೆ ಹೇಳಿದರು: “ಅದನ್ನ ಪಾಟಿ ಮ್ಯಾಲೆ ಬರಿಯಂಗಿಲ್ರಿ ಅತ್ತಿ. ಊರಿಂದ ಊರಿಗೆ ಬದಲಾಗೂದನ್ನಷ್ಟ ಬರೀತಾರ. ಹಾನಗಲ್ಲಾಗ ಮನಿ ನಿಮ್ದು, ಶಿಗ್ಗಾವ್ಯಾಗ ನಿಮ್ದು, ಸವಣೂರಾಗ ನಿಮ್ದು, ಇದೂ ನಿಮ್ದ. ಬದಲಾಗದ್ದಕ್ಕ ಬಳಪ ಯಾಕ ಸವಸೂದು?”

ಅವ್ವ ವೈನಿಯ ಕೈಯಿಂದ ಬಳಪ ಕಸಿದುಕೊಂಡಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಮನೆಯ ಹಂಚು ಹಾರಿಹೋಗುತ್ತಿದ್ದವು. ವೈನಿ ಪಾಟಿ ಅಲುಗದಂತೆ ಹಿಡಿದುಕೊಂಡರು. ಎಲ್ಲಕ್ಕಿಂತ ಕೆಳಗೆ, ಸೊಟ್ಟ ಅಕ್ಷರಗಳಲ್ಲಿ, ಅವ್ವ ಒಂದು ಹೊಸ ಸಾಲು ಬರೆದಳು: ‘ಅವ್ವನ ಚೀಲ = ಅಟ್ಟದ ಮ್ಯಾಲೆ.’

ವೈನಿ ಬಳಪದ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡರು. ನಾವು ಅಳುತ್ತ ನಕ್ಕೆವು. ಬಾಗಿಲ ಪಕ್ಕದ ನೀಲಿ ಚೀಲ ಇನ್ನೂ ಅಲ್ಲೇ ಇತ್ತು. ಅವ್ವ ತಮ್ಮನ ಕಡೆ ತಿರುಗಿದಳು.

“ಏನು ನೋಡಕೋಂತ ನಿಂತಿ? ಬಟ್ಟಿ ತಗದು ಕಪಾಟಿನ್ಯಾಗ ಇಡು, ಚೀಲ ಮ್ಯಾಲೆ ಎತ್ತು. ಪಾಟಿ ಸುಳ್ಳು ಹೇಳಬಾರ್ದು.”