ಇಂಗ್ಲೆಂಡಿನ ಬ್ಯಾಂಡೂ ದುಖಾನಿನ ಗೆಳೆಯನೂ

ಸಂಗೀತ ಕೇಳಿದರೆ ಮನಸ್ಸಿಗೆ ನೆಮ್ಮದಿ ಎನ್ನುವವರು ನನ್ನ ಗೆಳೆಯನ ಜೊತೆ ಒಂದು ವಾರ ಇದ್ದು ನೋಡಬೇಕಿತ್ತು. ಉಡುಪಿ ಕಡೆಯ ಅವನು ಕತಾರಿನ ದುಖಾನಿನಲ್ಲಿ ಎಣ್ಣೆ ಬಾವಿಗಳ ಹತ್ತಿರ ಸೇಫ್ಟಿ ಆಫೀಸರ್. ಮೈಸೂರಿನವನಾದ ನಾನು ದೋಹಾದ ಒಂದು ಆಫೀಸಿನಲ್ಲಿ ಗುಮಾಸ್ತ. ರಜೆಯ ದಿನ ನಮ್ಮವರ ಪಾರ್ಟಿಗಳಲ್ಲಿ ಅವನು ಕೀಬೋರ್ಡು ನುಡಿಸುತ್ತಿದ್ದ, ನಾನು ವೈರು ಹೊರುತ್ತಿದ್ದೆ. ಇಂಗ್ಲೆಂಡಿನ ಒಂದು ಎಲೆಕ್ಟ್ರಾನಿಕ್ ಡಾನ್ಸ್ ಬ್ಯಾಂಡಿನ ಹುಚ್ಚು ಅವನಿಗೆ. ಆ ಬ್ಯಾಂಡಿನ ದೆಸೆಯಿಂದ ನಮಗೆ ಒಂದಲ್ಲ ಒಂದು ಅವಮಾನ ಆಗುತ್ತಲೇ ಇತ್ತು.

ಕೆಟ್ಟ ಟೇಪ್ ರೆಕಾರ್ಡರ್

ಹುಚ್ಚು ಹಿಡಿದದ್ದು ಹದಿಹರೆಯದಲ್ಲಿ. ಹಡಗಿನಲ್ಲಿ ಕೆಲಸಕ್ಕಿದ್ದ ಮಾವ ಅವನಿಗೆ ಒಂದು ಕ್ಯಾಸೆಟ್ ತಂದುಕೊಟ್ಟರಂತೆ. ಆಗ ಆ ಬ್ಯಾಂಡಿನವರು ಖಾಲಿ ಗೋದಾಮುಗಳಲ್ಲಿ ಬಾರಿಸುತ್ತಿದ್ದ ಹೊಸಬರು. ಮನೆಯಲ್ಲಿ ಹಾಕಿದರೆ ಟಕ್ ಟಕ್ ಟಕ್ ಎಂದು ಒಂದೇ ಶಬ್ದ, ನಿಲ್ಲುವುದೇ ಇಲ್ಲ. ಅವನ ಅಪ್ಪ ಟೇಪ್ ರೆಕಾರ್ಡರನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ನಡೆದರು. ಅಂಗಡಿಯವನು ಬೆಲ್ಟು ಬದಲಿಸಿದ, ಹೆಡ್ಡು ಒರೆಸಿದ, ಕೊನೆಗೆ ಮೋಟರನ್ನೂ ಬದಲಿಸಿದ. ಶಬ್ದ ಮಾತ್ರ ಹಾಗೇ ಇತ್ತು.

"ಮಿಷನ್ ಸರಿ ಉಂಟು. ಕೆಟ್ಟದ್ದು ಬಾರಿಸಿದವರ ತಲೆ" ಎಂದು ವಾಪಸ್ಸು ಕೊಟ್ಟನಂತೆ.

ಬ್ಯಾಂಡಿನ ಊರಿನವನು

ಬ್ಯಾಂಡು ಬೆಳೆಯಿತು. ಗೋದಾಮು ಬಿಟ್ಟು ಸ್ಟೇಡಿಯಂ ತುಂಬಿಸಿತು. ಈಗ ದೋಹಾದ ಮಾಲ್‌ಗೆ ಹೋದರೂ, ಜಿಮ್‌ಗೆ ಹೋದರೂ ಅದೇ ಟಕ್ ಟಕ್. "ಎಲ್ಲ ಇವರಿಂದ ಕದ್ದದ್ದು ಮಾರಾಯ" ಎಂದು ಗೆಳೆಯ ಬದನೆಕಾಯಿ ಆರಿಸುವಾಗಲೂ ಪಾಠ ಮಾಡುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ಆ ಬ್ಯಾಂಡಿನ ಒಂದು ಉದ್ದನೆಯ ಹಾಡನ್ನು ಜನರ ಮುಂದೆ ಮೊದಲಿನಿಂದ ಕೊನೆಯವರೆಗೆ ಬಾರಿಸಬೇಕು. ಅದನ್ನು ಶುರು ಮಾಡಿದ ಕೂಡಲೇ ಯಾರಾದರೂ ಬಂದು ಕಿವಿಯಲ್ಲಿ "ಒಂದು ಬೈಲಾ ಹಾಕಿ" ಎಂದು ಮಂಗಳೂರು ಕಡೆಯ ಕ್ರೈಸ್ತರ ಮದುವೆಗಳ ಕುಣಿತದ ಹಾಡು ಕೇಳುತ್ತಿದ್ದರು.

ಹೀಗಿರುವಾಗ ಅವನ ಸೈಟಿಗೆ ಆ ಬ್ಯಾಂಡು ಹುಟ್ಟಿದ ಊರಿನವನೇ ಮ್ಯಾನೇಜರಾಗಿ ಬಂದ. ಗೆಳೆಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ, "ಅವರನ್ನು ನೀವು ನೋಡಿದ್ದೀರಾ ಸಾರ್?" ಎಂದು ಕೇಳಿದ.

"ನೋಡದೆ ಏನು? ಅವರು ಅಭ್ಯಾಸ ಮಾಡುತ್ತಿದ್ದ ಗೋದಾಮಿನ ಪಕ್ಕದಲ್ಲೇ ನಮ್ಮ ಮನೆ" ಅಂದ ಮ್ಯಾನೇಜರ್. "ಪೊಲೀಸರಿಗೆ ಫೋನ್ ಮಾಡುತ್ತಿದ್ದದ್ದು ನಮ್ಮಪ್ಪನೇ."

ಕೆಲವು ತಿಂಗಳ ಮೇಲೆ ಅದೇ ಮ್ಯಾನೇಜರ್ ಗೆಳೆಯನನ್ನು ಕರೆದು, ಪ್ರಾಜೆಕ್ಟ್ ಮುಗಿಯಿತು, ನಿನ್ನ ಕೆಲಸವೂ ಮುಗಿಯಿತು ಎಂದ. ಗೆಳೆಯ ನನಗೆ ಫೋನ್ ಮಾಡಿ, "ಖಲಾಸ್ ಮಾರಾಯ. ಅಪ್ಪ ಪೊಲೀಸರಿಂದ ಬ್ಯಾಂಡನ್ನು ನಿಲ್ಲಿಸಿದ, ಮಗ ಸ್ವಂತ ನನ್ನನ್ನು ನಿಲ್ಲಿಸಿದ" ಅಂದ. ನಗಬೇಕೋ ಬೇಡವೋ ತಿಳಿಯದೆ ನಾನು ಕೆಮ್ಮಿದೆ.

ಬೀಳ್ಕೊಡುಗೆ

ಅವನು ಊರಿಗೆ ಹೊರಡುವ ಹಿಂದಿನ ಸಂಜೆ ದೋಹಾದ ಅಲ್ ಹಿಲಾಲ್ ಬಡಾವಣೆಯಲ್ಲಿ ನಮ್ಮವರೆಲ್ಲ ಅಂಕಲ್ ಎಂದು ಕರೆಯುವ ಹಿರಿಯರ ಮನೆಯಂಗಳದಲ್ಲಿ ಬೀಳ್ಕೊಡುಗೆ. ಊರಲ್ಲಿ ಅವನಿಗೆ ಕೆಲಸ ಕಾದಿರಲಿಲ್ಲ. ಕೀಬೋರ್ಡಿಗೂ ಕಾದಿರಲಿಲ್ಲ, ಅಲ್ಲಿನ ಮದುವೆಗಳಿಗೆಲ್ಲ ಈಗ ಡಿಜೆ ಹುಡುಗರು. ಹಾಡು ಪೂರ್ತಿ ಆಗುವುದಿದ್ದರೆ ಈ ಸಂಜೆಯೇ ಆಗಬೇಕು. ಅದು ಅಂಕಲ್‌ಗೂ ಗೊತ್ತಿತ್ತು. "ಇವತ್ತು ಯಾರೂ ಬೈಲಾ ಕೇಳ್ಬಾರ್ದು. ಅವನಿಗೆ ಬೇಕಾದ್ದು ಬಾರಿಸ್ಲಿ" ಎಂದು ಮೈಕಿನಲ್ಲೇ ಆರ್ಡರ್ ಮಾಡಿದರು.

ಶುರುವಾಯಿತು. ಮೊದಲು ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ಕೈಕಟ್ಟಿ ನಿಂತಿದ್ದರು. ಆಮೇಲೆ ಒಬ್ಬ ನರ್ಸಮ್ಮ ಭುಜ ಕುಣಿಸಿದರು, ಮಕ್ಕಳು ಕುಣಿದರು, ನೋಡನೋಡುತ್ತ ಇಡೀ ಅಂಗಳವೇ ಕುಣಿಯಿತು. ಬೆವರಿಳಿಯುತ್ತಿದ್ದ ಗೆಳೆಯನ ಮುಖದಲ್ಲಿ ಅಂಥ ನಗುವನ್ನು ನಾನು ನೋಡಿರಲಿಲ್ಲ.

ಆ ಹಾಡಿನ ನಡುವೆ ಒಂದು ಜಾಗದಲ್ಲಿ ಎಲ್ಲ ಶಬ್ದವೂ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಪೂರಾ ಮೌನ, ಆಮೇಲೆ ಎರಡು ಪಟ್ಟು ಜೋರಾಗಿ ಮತ್ತೆ ಶುರು. ಇಂಗ್ಲೆಂಡಿನ ಜನ ಆ ಮೌನದಲ್ಲಿ ಕೈ ಮೇಲೆತ್ತಿ ಕಾಯುತ್ತಾರಂತೆ. ನಮ್ಮ ಅಭ್ಯಾಸ ಬೇರೆ. ಮಸೀದಿಯಿಂದ ಬಾಂಗ್ ಕೇಳಿದರೆ ಇಲ್ಲಿ ಪಾರ್ಟಿಯ ಸಂಗೀತ ತಕ್ಷಣ ನಿಲ್ಲುತ್ತದೆ, ಯಾರೂ ಹೇಳಬೇಕಾಗಿಲ್ಲ. ಹಾಡು ನಿಂತದ್ದೇ ತಡ, ಬಾಂಗ್ ಆಗುತ್ತಿರಬೇಕು ಎಂದುಕೊಂಡು ಎಲ್ಲರೂ ಕುಣಿತ ಬಿಟ್ಟು ತಲೆ ತಗ್ಗಿಸಿ ನಿಂತರು. ಅಂಕಲ್ ಇನ್ನೂ ಮುಂದೆ ಹೋಗಿ ಸ್ಪೀಕರಿನ ಪ್ಲಗ್ಗನ್ನೇ ಕಿತ್ತರು.

ಗೆಳೆಯ ಕೀ ಒತ್ತಿದ. ಶಬ್ದ ಬರಲಿಲ್ಲ. ಮತ್ತೆ ಒತ್ತಿ ನನ್ನತ್ತ ನೋಡಿದ. ನಾನು ನನ್ನ ವೈರಿನದ್ದೇ ತಪ್ಪೆಂದು ಮೇಜಿನ ಕೆಳಗೆ ನುಗ್ಗಿದೆ. ಅಷ್ಟರಲ್ಲಿ ಅಂಕಲ್, ಹೇಗೂ ಎಲ್ಲರೂ ಸುಮ್ಮನಿದ್ದಾರಲ್ಲ ಎಂದು ಕೈಮುಗಿದು ಊಟದ ಪ್ರಾರ್ಥನೆ ಹೇಳಿಬಿಟ್ಟರು. ಬಿರಿಯಾನಿಯ ಮುಚ್ಚಳ ತೆರೆಯಿತು. ಗೋಡೆಯ ಬುಡದಲ್ಲಿ ಬಿದ್ದಿದ್ದ ಪ್ಲಗ್ಗು ನನ್ನ ಕಣ್ಣಿಗೆ ಬೀಳುವಾಗ ಎಲ್ಲರ ಕೈಯಲ್ಲೂ ತಟ್ಟೆ. ನನಗೆ ನಿಜವಾಗಿ ಅಳು ಬಂತು.

ಗೆಳೆಯ ಮೆಲ್ಲಗೆ ಅಂಕಲ್ ಹತ್ತಿರ ಹೋಗಿ, "ಬಾಂಗ್ ಆದದ್ದಲ್ಲ ಅಂಕಲ್. ಆ ಹಾಡಿನ ನಡುವೆ ಹಾಗೆ ಸುಮ್ಮನಾಗ್ಲಿಕ್ಕೆ ಉಂಟು" ಅಂದ.

ಅಂಕಲ್ ಸೌಟು ಕೆಳಗಿಟ್ಟು ಅವನನ್ನು ತಬ್ಬಿಕೊಂಡರು. "ಹೌದಾ ಮಗಾ? ಇಷ್ಟು ವರ್ಷದಲ್ಲಿ ನಿನ್ನ ಹಾಡಿನಲ್ಲಿ ನನಗೆ ಹಿಡಿಸಿದ್ದು ಅಷ್ಟು ಜಾಗ ಮಾತ್ರ" ಅಂದರು.