ಮಾವ ಮತ್ತು ಕೋರಮ್ಮ

ನಮ್ಮ ಸೋದರಮಾವ ಹುಟ್ಟಿದಾಗ ಎಲ್ಲ ಕೂಸುಗಳ ಹಾಗೆ ಅಳಲಿಲ್ಲವಂತೆ. 'ಅಧ್ಯಕ್ಷರ ಅನುಮತಿ ಮೇರೆಗೆ ಎರಡು ಮಾತು' ಎಂದು ಶುರು ಮಾಡಿದರಂತೆ! ಇದನ್ನು ನನಗೆ ಹೇಳಿದವಳು ಅವರ ಅಕ್ಕ, ಅಂದರೆ ನನ್ನ ಅಮ್ಮ. ಅಮ್ಮ ಸುಳ್ಳು ಹೇಳುವವಳಲ್ಲ, ಸ್ವಲ್ಪ ಉಪ್ಪುಖಾರ ಹಚ್ಚುವವಳು ಅಷ್ಟೆ. ಆದರೆ ಅರವತ್ತರ ದಶಕದ ಮೊದಲಲ್ಲಿ ನನಗೆ ಸಾಗರದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ತೀರ್ಥಹಳ್ಳಿಯಿಂದ ಟ್ರಂಕು ತಂದು ಮಾವನ ಮನೆಯಲ್ಲೇ ಬಿಡಾರ ಹೂಡಿದೆ. ಒಂದು ವಾರ ಕಳೆಯುವುದರೊಳಗೆ, ಅಮ್ಮ ಹೇಳಿದ್ದರಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ, ಬರೀ ಸತ್ಯವೇ ಎಂದು ಖಾತ್ರಿಯಾಯಿತು.

ಮಾವನಿಗೆ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಇತ್ತು ಎಂದರೆ, ಬಾಗಿಲು ಇತ್ತು. ಬಾಗಿಲಿಗೆ 'ಸಭೆಗೆ ಹೋಗಿದ್ದೇನೆ' ಎಂಬ ರಟ್ಟು ನೇತಾಡುತ್ತಿತ್ತು. ಮದುವೆಗೆ ಉಡುಗೊರೆ ಬಂದ ಗಡಿಯಾರವನ್ನು ರಿಪೇರಿಗೆ ಕೊಟ್ಟವರು ಮಗನ ಉಪನಯನದ ಹೊತ್ತಿಗೆ ವಾಪಸ್ ಪಡೆದದ್ದೂ ಉಂಟು. ಊರಲ್ಲಿ ಯಾರಾದರೂ "ಇದಕ್ಕೊಂದು ಸಮಿತಿ ಮಾಡಾಣ" ಎಂದು ಬಾಯಿ ತೆರೆದರೆ ಸಾಕು, ಆ ಬಾಯಿ ಮುಚ್ಚುವುದರೊಳಗೆ ಮಾವನ ಕೈ ಮೇಲೆದ್ದಿರುತ್ತಿತ್ತು. ವಾಚನಾಲಯ ಸಮಿತಿ, ಆಸ್ಪತ್ರೆ ಸಲಹಾ ಸಮಿತಿ, ಬೀದಿ ದೀಪದ ಸಮಿತಿ, ದನದ ದೊಡ್ಡಿ ಸಮಿತಿ, ಬಸ್ಸಿನ ಸಮಿತಿ, ಎಲ್ಲದರಲ್ಲೂ ಮಾವ! ಸಂಬಳ ಇಲ್ಲ, ಭತ್ಯೆ ಇಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೆ. "ಎಂತಕ್ಕೆ ಬೇಕು ಮಾರಾಯ್ರೇ ನಿಮಗಿದೆಲ್ಲ?" ಎಂದು ಕೇಳಿದರೆ, "ಯಾರಾದ್ರೂ ಒಬ್ರು ಹೋಗಿ ಕೂತ್ಕಬೇಕಲ್ಲ?" ಎನ್ನುತ್ತಿದ್ದರು.

ಹಾಗೆ ಹೋಗಿ ಕೂರುವುದೇ ಮಾವನ ಮಹತ್ಸಾಧನೆ. ಸಭೆ ನಡೆಯಬೇಕಾದರೆ ಇಂತಿಷ್ಟು ಸದಸ್ಯರು ಇರಲೇಬೇಕಲ್ಲ, ಅದೇ ಕೋರಂ. ಉಳಿದ ಸದಸ್ಯರಿಗೆ ಮಳೆ, ನೆಂಟರು, ಹಲ್ಲುನೋವು, ಅಡಿಕೆ ಕೊಯ್ಯಲು ಬಂದ ಕೊನೆಗೌಡರು, ಏನಾದರೊಂದು ಅಡ್ಡ ಬರುತ್ತಿತ್ತು. ಮಾವನಿಗೆ ಮಾತ್ರ ಯಾವುದೂ ಬರುತ್ತಿರಲಿಲ್ಲ. ಕೋರಂಗೆ ಒಬ್ಬರು ಕಡಿಮೆ ಬಿದ್ದರೆ ಪುರಸಭೆಯ ಜವಾನ ಸೈಕಲ್ ಹತ್ತಿ ಸೀದಾ ನಮ್ಮ ಮನೆಗೇ ಬರುತ್ತಿದ್ದ. ಇಷ್ಟೆಲ್ಲ ಮಾಡಿಯೂ ಮಾವ ಒಂದೇ ಒಂದು ಸಮಿತಿಗೂ ಅಧ್ಯಕ್ಷರಾಗಿರಲಿಲ್ಲ. ಆ ಆಸೆ ಅವರಿಗೆ ಇರಲಿಲ್ಲವೆ? ಇತ್ತು! ಖಾಲಿ ಸಭಾಂಗಣದಲ್ಲಿ ಅಧ್ಯಕ್ಷರ ಕುರ್ಚಿಯ ಧೂಳನ್ನು ತಮ್ಮ ಅಂಗವಸ್ತ್ರದಿಂದ ಒರೆಸುತ್ತಿದ್ದುದನ್ನು ನಾನೇ ಕಿಟಕಿಯಿಂದ ಕಂಡಿದ್ದೇನೆ.

ಅತ್ತೆಗೆ ಇದ್ದದ್ದು ಬೇರೊಂದು ಆಸೆ. ಒಂದು ಸಲ ಜೋಗ ನೋಡಬೇಕು. ನಗಬೇಡಿ! ಬೊಂಬಾಯಿಯಿಂದ, ವಿಲಾಯಿತಿಯಿಂದ ಜನ ಬಂದು ನೋಡಿ ಹೋಗುವ ಜೋಗವನ್ನು, ಬಸ್ಸು ಹತ್ತಿದರೆ ಬೆಳಗಿನ ತಿಂಡಿ ಕರಗುವುದರೊಳಗೆ ಮುಟ್ಟಬಹುದಾದ ಸಾಗರದಲ್ಲಿದ್ದುಕೊಂಡು ಅತ್ತೆ ನೋಡಿರಲಿಲ್ಲ. ಮಾವನೋ, ಗಣ್ಯರ ಸ್ವಾಗತ ಸಮಿತಿಯ ಸದಸ್ಯರಾಗಿ ಬಂದ ಬಂದ ದೊಡ್ಡವರಿಗೆಲ್ಲ ಜೋಗ ತೋರಿಸಿ, ತೋರಿಸಿ, ರಾಜ, ರಾಣಿ, ರೋರರ್, ರಾಕೆಟ್ ಎಂದು ಇಂಗ್ಲಿಷಿನಲ್ಲಿ ಒದರಿ ಬಂದಿದ್ದರು. ಅಷ್ಟರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳತೊಡಗಿತ್ತು. ಅದು ಮುಗಿದ ಮೇಲೆ ಹೊಳೆಯನ್ನು ಅಲ್ಲೇ ತಡೆದು ಬಿಡುತ್ತಾರಂತೆ, ಜೋಗಕ್ಕೆ ಬೀಳಲು ನೀರೇ ಇರುವುದಿಲ್ಲವಂತೆ ಎಂದು ಪೇಟೆಯಲ್ಲೆಲ್ಲ ಸುದ್ದಿ. ಅತ್ತೆಗೆ ಕಳವಳ ಶುರುವಾಯಿತು.

"ಹೊಳೆ ನಿಂತ ಮೇಲೆ ಎಂತ ಬಂಡೆ ತೋರಿಸ್ತೀರಾ ನಂಗೆ?"

"ಈ ಮಳೆಗಾಲ ಹೋಗಾದೇ ಸೈ. ಸರ್ವಾನುಮತದಿಂದ ತೀರ್ಮಾನ ಆಗಿದೆ."

"ತೀರ್ಮಾನ ಹೋದ ಮಳೆಗಾಲವೂ ಆಗಿತ್ತು!"

ಅತ್ತೆಯ ಸಿಟ್ಟೆಲ್ಲ ಮಾವನ ಮೇಲಲ್ಲ, ಕೋರಮ್ಮನ ಮೇಲೆ. ಯಾರು ಈ ಕೋರಮ್ಮ ಎಂದಿರಾ? ಅದು ನಾನು ಬರುವುದಕ್ಕೆ ಮೊದಲಿನ ಕಥೆ, ಅತ್ತೆಯೇ ಹೇಳಿದ್ದು. ಹೊಸದಾಗಿ ಮದುವೆಯಾಗಿ ಬಂದಾಗ ಜವಾನ ಬಂದು ಬೇಲಿಯಾಚೆಯಿಂದ "ಬೇಗ ಬರಬೇಕಂತೆ, ನೀವಿಲ್ದಿದ್ರೆ ಕೋರಂ ಆಗಾದಿಲ್ವಂತೆ" ಎಂದು ಕೂಗುತ್ತಿದ್ದನಂತೆ. ಒಲೆಯ ಮುಂದಿದ್ದ ಅತ್ತೆಯ ಕಿವಿಗೆ ಬಿದ್ದದ್ದು 'ಕೋರಮ್ಮ'. ಗಂಡ ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದು ಹೋಗುವಂಥ ಹೆಂಗಸು ಯಾರಪ್ಪಾ ಎಂದು ಅತ್ತೆ ಒಂದು ತಿಂಗಳು ಒಳಗೊಳಗೇ ಬೆಂದರಂತೆ. ಕೊನೆಗೆ ಒಂದು ದಿನ ಬಡಿಸುತ್ತಾ ಕೇಳಿಯೇ ಬಿಟ್ಟರು.

"ಆ ಕೋರಮ್ಮಂಗೆ ಅವಳದ್ದೇ ಅಂತ ಜನ ಇಲ್ವಾ?"

ಮಾವನ ಕಿವಿಗೆ ಸಮಿತಿಯ ಶಬ್ದ ಬಿತ್ತೆಂದರೆ ಮುಗಿಯಿತು, ಉಳಿದದ್ದು ಕೇಳಿಸುವುದಿಲ್ಲ. "ಜನ ಇದಾರೆ ಮಾರಾಯ್ತಿ, ಬರಾದಿಲ್ಲ. ಕೋರಂಗೆ ಕಮ್ಮಿ ಅಂದ್ರೂ ಐದು ಜನ ಗಂಡಸ್ರು ಬೇಕು" ಎಂದರು.

ಅತ್ತೆಯ ಕೈಯಿಂದ ಸೌಟು ಕೆಳಗೆ ಬಿತ್ತು. "ಅಯ್ಯೋ ಶಿವನೇ! ಒಬ್ಬಳಿಗೆ ಐದು ಜನವಾ?"

ಕೋರಮ್ಮ ಹೆಂಗಸಲ್ಲ, ಕಾನೂನು ಎಂದು ತಿಳಿಸಿ ಹೇಳಲು ಮಾವನಿಗೆ ಅರ್ಧ ದಿನ ಹಿಡಿಯಿತಂತೆ. ಗೊತ್ತಾದ ಮೇಲೂ ಅತ್ತೆ ಹೆಸರು ಬದಲಿಸಲಿಲ್ಲ. ಜವಾನನ ಸೈಕಲ್ ಗಂಟೆ ಕೇಳಿದರೆ ಸಾಕು, "ಹೋಗಿ ಬನ್ನಿ, ನನ್ನ ಸವತಿ ಕಾಯ್ತಿದಾಳೆ" ಎನ್ನುತ್ತಿದ್ದರು.

ಮಾವ ಬರೀ ಸಾಗರಕ್ಕೆ ತೃಪ್ತರಾದವರಲ್ಲ. ಹೊಸನಗರದಲ್ಲಿ ಯಾವುದೋ ಸಮಿತಿಯ ಸಭೆಯೆಂದು ಕೇಳಿ, ಕರೆಯದಿದ್ದರೂ ಹೋಗಿ ಕೂತರು. ಅಲ್ಲಿಯ ಕಾರ್ಯದರ್ಶಿ ಸಂಕೋಚದಿಂದಲೇ, "ನೀವು ಹೊರಗಿನೋರು, ನಿಮ್ಮನ್ನ ಕೋರಂಗೆ ಹಿಡಿಯಾಕೆ ಬರಾದಿಲ್ಲ" ಎಂದರೆ, "ಉಪ್ಪಿಟ್ಟಿಗೆ ಹಿಡೀರಿ, ಸಾಕು" ಎಂದರಂತೆ! ಇನ್ನೊಮ್ಮೆ ಬಸ್ಸಿನ ಸಮಿತಿ ತೀರ್ಥಹಳ್ಳಿಯಲ್ಲಿ ಸೇರಿತು. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರು; ದೂರು ಕೊಟ್ಟವರು ಮಾವನೇ. ಕೋಳಿ ಕೂಗುವ ಹೊತ್ತಿಗೆ ಹೊರಟರು. ಬಸ್ಸು ಹೊಸನಗರ ದಾಟಿ ಕೆಟ್ಟು ನಿಂತಿತು. ಮಾವ ತೀರ್ಥಹಳ್ಳಿ ಮುಟ್ಟುವಾಗ ಸಭೆ ಮುಗಿದು ಜವಾನ ಲೋಟ ತೊಳೆಯುತ್ತಿದ್ದ. ದೂರುದಾರರು ಹಾಜರಿಲ್ಲದ ಕಾರಣ 'ಬಸ್ಸುಗಳು ಸಮಯಕ್ಕೆ ಸರಿಯಾಗಿ ಸಂಚರಿಸುತ್ತಿವೆ' ಎಂದು ನಿರ್ಣಯವಾಗಿತ್ತು.

ದೊಡ್ಡಿಯ ಪ್ರಕರಣ ಹೇಳದಿದ್ದರೆ ಅತ್ತೆಗೆ ಅನ್ಯಾಯ ಮಾಡಿದ ಹಾಗೆ. ದೊಡ್ಡಿ ಎಂದರೆ ಬೀದಿ ಅಲೆಯುವ ದನಗಳ ಜೈಲು. ಪೇಟೆಯಲ್ಲಿ ಕಂಡ ದನವನ್ನೆಲ್ಲ ಮುಲಾಜಿಲ್ಲದೆ ಒಳಗೆ ಹಾಕಬೇಕೆಂದು ಸಭೆಯಲ್ಲಿ ಗುಡುಗಿದವರು ಮಾವ. ಮಾರನೆಯ ದಿನವೇ ಸಿಕ್ಕಿಬಿದ್ದದ್ದು ಯಾರು? ನಮ್ಮ ಮನೆಯ ಗೌರಿ! ಅತ್ತೆ ದೊಡ್ಡಿಗೆ ಓಡಿದರು. ಮಾವ ಅಲ್ಲೇ ಇದ್ದರು, ಗೇಟಿನ ಆಚೆ.

"ಬಿಡ್ಸಿ ಕೊಡಿ ಅಂದ್ರೆ!"

"ನೋಡು, ಮನೇಲಿ ನಾನು ಗಂಡ. ಇಲ್ಲಿ ಸದಸ್ಯ. ನಿಯಮ ಎಲ್ರಿಗೂ ಒಂದೇ."

"ಹಂಗಾ? ಹಂಗಿದ್ರೆ ಸದಸ್ಯರಿಗೆ ಇವತ್ತಿಂದ ಹಾಲಿಲ್ದ ಕಾಫಿ."

ಮಾವನ ಆದರ್ಶ ಮಾರನೆಯ ಬೆಳಗಿನ ಕರಿ ಕಾಫಿಯವರೆಗೆ ಗಟ್ಟಿಯಾಗಿ ನಿಂತಿತು. ಸಂಜೆ ತುರ್ತುಸಭೆ ಕರೆಸಿ, 'ಮೊದಲ ತಪ್ಪು ಮಾಡಿದ ದನಗಳಿಗೆ ಎಚ್ಚರಿಕೆ ಕೊಟ್ಟು ಬಿಡತಕ್ಕದ್ದು' ಎಂದು ನಿರ್ಣಯ ಮಾಡಿಸಿ ಗೌರಿಯನ್ನು ಹೊಡೆದುಕೊಂಡು ಬಂದರು. ಎಚ್ಚರಿಕೆಯನ್ನು ಕೊಟ್ಟವರೂ ಅವರೇ. ದಾರಿಯುದ್ದಕ್ಕೂ ಗೌರಿಗೆ ಬುದ್ಧಿ ಹೇಳುತ್ತಾ ಬಂದದ್ದನ್ನು ಪೇಟೆಯೆಲ್ಲ ನೋಡಿತು.

ಇವೆಲ್ಲ ನಗುವ ಮಾತಾಯಿತು. ಆದರೆ ಜೋಗದ ವಿಷಯ ಬಂದರೆ ಅತ್ತೆಯ ಮುಖ ನೋಡಲು ನನಗೆ ಸಂಕಟ. ಆ ವರ್ಷ ಮಳೆ ಹಿಡಿದ ಮೇಲೆ ಒಂದು ಭಾನುವಾರ ಅಂತೂ ಹೊರಟೆವು. ಅತ್ತೆ ಚಿತ್ರಾನ್ನ, ಮೊಸರನ್ನ ಕಟ್ಟಿ, ಪೆಟ್ಟಿಗೆಯಡಿಯ ರೇಷ್ಮೆ ಸೀರೆ ಉಟ್ಟು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೂ ಆಯಿತು. ಡ್ರೈವರ್ ಹತ್ತುವುದಕ್ಕೂ ಸೈಕಲ್ ಗಂಟೆ ಕೇಳುವುದಕ್ಕೂ ಸರಿಹೋಯಿತು.

"ಒಬ್ರು ಕಮ್ಮಿ ಬಿದ್ದಾರೆ! ಹತ್ತು ನಿಮಿಷದ ಕೆಲ್ಸ ಅಂತೆ!" ಜವಾನ ಕಿಟಕಿಯ ಸರಳು ಹಿಡಿದು ಏದುತ್ತಿದ್ದ.

ಮಾವ ಅತ್ತೆಯನ್ನು ನೋಡಿದರು, ಜವಾನನನ್ನು ನೋಡಿದರು, ಇಳಿದರು. ಬಸ್ಸು ಯಾರ ಅನುಮತಿಗೂ ಕಾಯುವಂತಿರಲಿಲ್ಲ, ನಾವಿಬ್ಬರೂ ಹಿಂದೆಯೇ ಇಳಿಯಬೇಕಾಯಿತು. ಚಿತ್ರಾನ್ನವನ್ನು ಮನೆಯ ಜಗಲಿಯಲ್ಲೇ ಕೂತು ತಿಂದೆವು. ಮಾವ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ತುರ್ತಿನ ವಿಷಯ ಯಾವುದಿತ್ತು ಎಂದು ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಮಾವ ತಲೆ ತಗ್ಗಿಸಿ ಹೇಳಿದರು: "ಜೋಗ ನೋಡಾಕೆ ಬರೋ ಜನಕ್ಕೆ ಅನುಕೂಲ ಮಾಡಿಕೊಡೋ ಬಗ್ಗೆ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಸವತಿ, ಕೋರಮ್ಮ ಎಂದೂ ಅನ್ನಲಿಲ್ಲ. ರೇಷ್ಮೆ ಸೀರೆ ಮಡಿಸಿ ಪೆಟ್ಟಿಗೆಯಲ್ಲಿಡುತ್ತಾ, "ಬಿಡಿ, ಪಟದಲ್ಲಿ ನೋಡಿದ್ರಾಯ್ತು" ಎಂದರು. ಬೈದಿದ್ದರೆ ಮಾವ ಒಂದು ತಿದ್ದುಪಡಿ ಸೂಚಿಸಿ ಪಾರಾಗುತ್ತಿದ್ದರೇನೋ. ಅವತ್ತು ಊಟಕ್ಕೆ ಕೂತವರು ಎರಡನೇ ಸಲ ಅನ್ನ ಬಡಿಸಿಕೊಳ್ಳದೆ ಎದ್ದರು.

ಇಷ್ಟಾಗಿ ಸ್ವಲ್ಪ ದಿನಕ್ಕೆ ಮಾವನ ಅದೃಷ್ಟ ಖುಲಾಯಿಸಿತು. ವಾಚನಾಲಯ ಸಮಿತಿಯ ಅಧ್ಯಕ್ಷರು ವಯಸ್ಸಾಯಿತೆಂದು ಕುರ್ಚಿ ಬಿಟ್ಟುಕೊಟ್ಟರು. ಹೊಸಬರನ್ನು ಆರಿಸುವ ಸಭೆ ಮುಂದಿನ ಭಾನುವಾರ. ಈ ಸಲ ಮಾವನೇ ಎಂದು ಎಲ್ಲರೂ ಒಪ್ಪಿದ್ದರು. ಸೂಚಕರು ಯಾರು, ಅನುಮೋದಕರು ಯಾರು ಎಂಬುದೂ ಗೊತ್ತಾಗಿತ್ತು. ಒಂದೇ ಒಂದು ಷರತ್ತು: ಅಭ್ಯರ್ಥಿ ಸಭೆಯಲ್ಲಿ ಖುದ್ದು ಹಾಜರಿರಬೇಕು. ಮನೆಯಲ್ಲಿ ಮಲಗಿದ್ದುಕೊಂಡೇ ಆರಿಸಿ ಬಂದು, ಆಮೇಲೂ ಮಲಗಿಯೇ ಇರುವ ಅಧ್ಯಕ್ಷರ ಕಾಟ ತಡೆಯಲಾರದೆ ಆ ನಿಯಮ ತಂದವರು ಯಾರು ಗೊತ್ತೆ? ಮಾವನೇ! ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಶಾಲೆಯ ಹೆಡ್‌ಮಾಸ್ತರು, ಅವರೂ ಆ ಸಮಿತಿಯಲ್ಲಿದ್ದರು. ಮಾವ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಆರಿಸಿ ಬಂದ ಮೇಲೆ ಅತ್ತೆಗೆ ಹೇಳಿ ಬೆರಗುಗೊಳಿಸುವ ಹುನ್ನಾರ ಇರಬೇಕೆಂದು ನಾನೂ ಸುಮ್ಮನಿದ್ದೆ.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಕರಿಕೋಟು ತೊಟ್ಟು ಹೊರಬಂದರು. ಸರಿ, ಕುರ್ಚಿಗೆ ಹೊರಟರು ಎಂದುಕೊಂಡೆ. ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ ಹೇಳಿದರು: "ಸೀರೆ ಉಟ್ಕ. ಬಸ್ಸಿಗೆ ಹೊತ್ತಾಗ್ತದೆ."

"ಯಾವ ಬಸ್ಸು?"

"ಜೋಗದ್ದು. ಬುತ್ತಿ ಬ್ಯಾಡ, ಅಲ್ಲೇ ಎಂತಾದ್ರೂ ತಿನ್ನಾಣ."

ನಾನು ಬಾಯಿ ತೆರೆದೆ. ಮಾವ ನನ್ನತ್ತ ನೋಡಿದ ನೋಟ ಹೇಗಿತ್ತೆಂದರೆ, ನನಗೆ ಮಾತಾಡಲು ಅಧ್ಯಕ್ಷರ ಅನುಮತಿ ಇಲ್ಲ ಎಂದು ತಿಳಿಯಿತು. ಬಸ್‌ಸ್ಟ್ಯಾಂಡಿಗೆ ಪೇಟೆ ಬೀದಿಯಲ್ಲಿ ಹೋಗಲಿಲ್ಲ, ಹಿತ್ತಿಲ ದಾರಿಯಲ್ಲಿ ಸುತ್ತಿ ಬಳಸಿ ಕಳ್ಳರ ಹಾಗೆ ಹೋದೆವು. ಹಿಂದಿನಿಂದ ಯಾರದೋ ಸೈಕಲ್ ಗಂಟೆ ಕೇಳಿಸಿದಾಗ ಮಾವ ಕೊಡೆಯನ್ನು ಮುಖದ ಮೇಲಕ್ಕೆ ಎಳೆದುಕೊಂಡರು.

ಜೋಗದಲ್ಲಿ ಇಳಿದರೆ ಎಂತದೂ ಇಲ್ಲ! ಬರೀ ಬಿಳಿ ಮಂಜು. ಕಣಿವೆಯೂ ಇಲ್ಲ, ಬಂಡೆಯೂ ಇಲ್ಲ, ಸದ್ದೊಂದು ಬಿಟ್ಟರೆ. ಮಾವನ ಮುಖ ನೋಡಬೇಕಿತ್ತು. ಆಚೆ ಹೋದರು, ಈಚೆ ಬಂದರು, ಚಹದಂಗಡಿಯವನ ಮೇಲೆ ಸಿಟ್ಟು ಮಾಡಿದರು.

"ಹಿಂಗಾದ್ರೆ ಹೆಂಗೆ? ಯಾರ ಹತ್ರ ಹೇಳಾದು ಇಲ್ಲಿ?"

"ಮಂಜಿಗೆ ಸಮಿತಿ ಮಾಡಿಲ್ಲ ಸ್ವಾಮಿ. ಕೂತ್ಕಳಿ, ಗಾಳಿ ಬಂದ್ರೆ ತೆರೀತದೆ" ಎಂದ ಅವನು.

ಕೂತೆವು. ಚಹ ಕುಡಿದೆವು, ಬಿಸಿ ಬಿಸಿ ಬೋಂಡ ತಿಂದೆವು, ಮತ್ತೆ ಕೂತೆವು. ಕಾರ್ಯಸೂಚಿ ಇಲ್ಲದೆ, ನಡಾವಳಿ ಇಲ್ಲದೆ ಮಾವ ಒಂದೆಡೆ ಅಷ್ಟು ಹೊತ್ತು ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಸಾಗರದಲ್ಲಿ ಸಭೆ ಸೇರುವ ಹೊತ್ತಾಯಿತು. ಮಾವ ಒಮ್ಮೆ ಕೈಗಡಿಯಾರ ನೋಡಿಕೊಂಡು, ಬಿಚ್ಚಿ ಕೋಟಿನ ಜೇಬಿಗೆ ಹಾಕಿದರು. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿ ಬೇರೆ ಯಾರೋ ಕುರ್ಚಿಯಲ್ಲಿ ಕೂತಿರುತ್ತಾರೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂದು ಮಾವನಿಗೂ ಗೊತ್ತಿತ್ತು.

ಆಮೇಲೆ ಕಣಿವೆಯಿಂದ ಗಾಳಿ ಎದ್ದಿತು. ಮಂಜು ಅಲ್ಲೊಂದು ಕಡೆ ಹರಿಯಿತು, ಇಲ್ಲೊಂದು ಕಡೆ ಹರಿಯಿತು, ನೋಡುತ್ತಿದ್ದ ಹಾಗೆ ಪೂರ್ತಿ ತೆರೆಯಿತು. ಅತ್ತೆ ಎದ್ದು ನಿಂತರು. ನಾಲ್ಕೂ ಒಂದಾಗಿ, ಬಂಡೆಯೇ ಕಾಣದ ಹಾಗೆ ಕೆಂಪು ನೀರು ಧುಮುಕುತ್ತಿತ್ತು. ಮಾವ ಅಭ್ಯಾಸಬಲದಿಂದ ಕೈಯೆತ್ತಿ "ಅಗ, ಅದು ರಾಜ..." ಎಂದವರು ಅತ್ತೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಮಳೆ ಮತ್ತೆ ಶುರುವಾಯಿತು. ಅತ್ತೆಗೆ ಅದರ ಪರಿವೆ ಇರಲಿಲ್ಲ. ಮಾವ ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು ನಿಂತರು, ಕರಿಕೋಟು ತೊಪ್ಪೆಯಾಗುತ್ತಿದ್ದರೂ.

ತುಂಬ ಹೊತ್ತಾದ ಮೇಲೆ ಅತ್ತೆ, ಕಣ್ಣು ನೀರಿನ ಮೇಲಿಂದ ತೆಗೆಯದೆ ಕೇಳಿದರು.

"ಭಾನುವಾರ ಅಲ್ದಾ? ಊರಲ್ಲಿ ಎಂತ ಮೀಟಿಂಗೂ ಇರ್ಲಿಲ್ವಾ ಇವತ್ತು?"

"ಎಂತದೂ ಇರ್ಲಿಲ್ಲ ಮಾರಾಯ್ತಿ" ಎಂದರು ಮಾವ. "ನೀನು ನೋಡು."